ಮಡಕೆಯಿಂದ ಪ್ಲೈವುಡ್ ಪೆಟ್ಟಿಗೆಗೆ: ಒಂದು ಸೌಂಡ್ ಬಾಕ್ಸಿನ ಚರಿತ್ರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದ್ದರು. ಸಾಫ್ಟ್‌ವೇರ್ ಕ್ಷೇತ್ರದ ಉದ್ಯೋಗಗಳ ಬಗ್ಗೆ ಬರೆಯಲೇ ಸರ್ ಎಂದು ಕೇಳಿದೆ. "ಅದನ್ನ ಬರಿಯೋರು ಬಾಳ ಮಂದಿ ಅದಾರ. ಒಂಬತ್ತನೇ ಕ್ಲಾಸಿನಾಗ ಹಳೇ ಸಾಮಾನು ಕೂಡಿಸಿ ಹಾಡೋ ಪೆಟಗಿ ಮಾಡಿದ್ರಲ್ಲ, ಅದರ ಬಗ್ಗೆ ಬರಿ" ಎಂದರು.

ಗುರುಗಳು ಇವತ್ತಿಗೂ ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಾರೆ. ಆದ್ದರಿಂದ "ಮಾಡಿದ್ರಲ್ಲ" ಎಂಬ ಬಹುವಚನ ನನಗೆ ಕೊಟ್ಟ ಗೌರವವಲ್ಲ. ಆ ಪೆಟ್ಟಿಗೆ ಮಾಡಿದವರು ಇಬ್ಬರು ಎಂಬುದು ಅವರಿಗೆ ನೆನಪಿದೆ, ಅಷ್ಟೆ. ನಾನು ಆ ಬಹುವಚನವನ್ನು ಬಿಟ್ಟು ಹಲವು ವರ್ಷಗಳಾಗಿದ್ದವು. ಅದಕ್ಕೇ ಈ ಲೇಖನವನ್ನು ನೆನಪಿನ ಬರಹ ಎನ್ನುವುದಕ್ಕಿಂತ ಚರಿತ್ರೆ ಎಂದು ಬರೆಯುತ್ತಿದ್ದೇನೆ. ಚರಿತ್ರೆಯಲ್ಲಿ ಯಾರು ಏನು ಮಾಡಿದರು ಎಂಬುದನ್ನು ಸರಿಯಾಗಿ ಹೇಳಬೇಕಾಗುತ್ತದೆ.

ಪೆಟ್ಟಿಗೆಗಿಂತ ಮುಂಚೆ ನಮ್ಮ ಸೀಮೆಯಲ್ಲಿ ದನಿ ಹೇಗೆ ಕೇಳಿಸುತ್ತಿತ್ತು ಎಂಬುದರಿಂದ ಶುರು ಮಾಡುತ್ತೇನೆ. ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನಾದ ಕೊಡುವ ಕಪ್ಪು ಬಂಡೆಗಳಿವೆ. ನವಶಿಲಾಯುಗದ ಜನ ಅವನ್ನು ಕಲ್ಲಿನಿಂದ ಬಡಿದ ಗುಳಿಗಳು ಇಂದಿಗೂ ಕಾಣುತ್ತವೆ. ಅಲ್ಲಿಂದ ಡೊಳ್ಳು, ಹಲಗೆ, ಬಯಲಾಟದ ಮದ್ದಳೆಯವರೆಗೆ ದನಿ ಎಂದರೆ ಮನುಷ್ಯ ಎದುರಿಗೆ ನಿಂತು ಮಾಡುವ ಕೆಲಸ. ಬಳ್ಳಾರಿ ರಾಘವರಂಥ ನಟರು (1880–1946) ಹೆಸರು ಮಾಡಿದ ಕಾಲದಲ್ಲಿ ಕೊನೆಯ ಸಾಲಿನವರಿಗೆ ಮಾತು ಮುಟ್ಟಿಸುವುದು ಗಂಟಲಿನ ಕೆಲಸವೇ ಆಗಿತ್ತು.

ಎದುರಿಗಿಲ್ಲದವರ ದನಿ ಮನೆಗೆ ಬಂದದ್ದು ರೇಡಿಯೋದಿಂದ. ಕನ್ನಡ ನಾಡಿನ ಮೊದಲ ರೇಡಿಯೋ ಕೇಂದ್ರವೂ ಒಂದು ಮನೆಯಲ್ಲೇ ಹುಟ್ಟಿತು. ಮೈಸೂರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದ 30 ವಾಟ್‌ಗಳ ಸಣ್ಣ ಯಂತ್ರದಲ್ಲಿ ಪ್ರಸಾರ ಆರಂಭಿಸಿದರು. ಆ ಕೇಂದ್ರದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋ ಹೆಸರಾಯಿತು. ಆಗ ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಸಿರುಗುಪ್ಪ ಸೇರಿದಂತೆ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆದವಾನಿ ಕಡೆಯದು ಆಂಧ್ರಕ್ಕೆ ಹೋಯಿತು. ಧಾರವಾಡದ ಆಕಾಶವಾಣಿ 1950ರಲ್ಲಿ, ಗುಲ್ಬರ್ಗದ್ದು 1966ರಲ್ಲಿ ಆರಂಭವಾದವು. ನಡುವೆ 1957ರಲ್ಲಿ ವಿವಿಧ ಭಾರತಿ ಬಂತು.

ಊರಿನ ಹಿರಿಯರು ರೇಡಿಯೋಗೆ 'ಟ್ರಾನ್ಸಿಸ್ಟರ್' ಎನ್ನುತ್ತಿದ್ದರು. ಅದು ಪೆಟ್ಟಿಗೆಯ ಹೆಸರಲ್ಲ, ಒಳಗಿನ ಒಂದು ಸಣ್ಣ ಭಾಗದ ಹೆಸರು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಆ ಭಾಗದಿಂದಾಗಿ ರೇಡಿಯೋ ಕರೆಂಟಿಲ್ಲದೆ ಸೆಲ್ಲಿನ ಮೇಲೆ ನಡೆಯುವಂತಾಯಿತು, ಹೊಲಕ್ಕೆ ಹೋಗುವಂತಾಯಿತು. ನಮ್ಮ ತಾತನ ಟ್ರಂಕಿನಲ್ಲಿ ರೇಡಿಯೋ ಲೈಸೆನ್ಸಿನ ಒಂದು ಪುಟ್ಟ ಪುಸ್ತಕ ಇತ್ತು. ಪ್ರತಿ ವರ್ಷ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಅದರಲ್ಲಿ ಮುದ್ರೆ ಹಾಕಿಸಬೇಕಿತ್ತು. 1980ರ ದಶಕದಲ್ಲಿ ಸರ್ಕಾರ ಆ ಲೈಸೆನ್ಸನ್ನು ತೆಗೆದುಹಾಕಿತು. ತಾತ ಮಾತ್ರ ಪುಸ್ತಕವನ್ನು ಹೊಲದ ಪಹಣಿಯ ಜೊತೆಗೇ ಇಟ್ಟುಕೊಂಡಿದ್ದರು.

ರೇಡಿಯೋದಲ್ಲಿ ಅವರು ಹಾಕಿದ ಹಾಡು ನಾವು ಕೇಳಬೇಕು. ನಮಗೆ ಬೇಕಾದ್ದನ್ನು ಬೇಕಾದಾಗ ಕೇಳುವ ಅವಕಾಶ ಕೊಟ್ಟದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಅದನ್ನು ಹೊರತಂದಿತು. ಅದರೊಳಗಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ ಅರ್ಧ ಗಂಟೆಯ ಒಂದು ಬದಿಗೆ ಸುಮಾರು 85 ಮೀಟರ್ ರೀಲು ಬೇಕು. ಅದು ಸಿಕ್ಕಿಹಾಕಿಕೊಂಡಾಗ ಬಿಡಿಸಿ, ಆರು ಮೂಲೆಯ ಪೆನ್ಸಿಲ್ ತೂರಿಸಿ ಸುತ್ತಿದವರಿಗೆ ಆ ಉದ್ದ ಗೊತ್ತಿರುತ್ತದೆ. 1978ರಲ್ಲಿ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟಾಗಿ ಬಂತು. ಮುಂದಿನ ಇಪ್ಪತ್ತು ವರ್ಷ ಭಜನೆ, ತತ್ವಪದ, ನಾಟಕ, ಸಿನಿಮಾ ಎಲ್ಲವೂ ಕ್ಯಾಸೆಟ್ಟಿನಲ್ಲೇ ಊರಿಗೆ ಬಂದವು. ಗಡಿ ಸೀಮೆಯಾದ್ದರಿಂದ ನಮ್ಮಲ್ಲಿ ತೆಲುಗು ಹಾಡುಗಳೂ ಅಷ್ಟೇ ಓಡುತ್ತಿದ್ದವು.

ರೇಡಿಯೋ ಮತ್ತು ಟೇಪು ಎರಡೂ ಇದ್ದ, ಹಿಡಿಕೆ ಹಿಡಿದು ಒಯ್ಯಬಹುದಾದ ಸೆಟ್ಟಿಗೆ ನಾವು 'ಟೂ-ಇನ್-ಒನ್' ಎನ್ನುತ್ತಿದ್ದೆವು. ಪಟ್ಟಣದವರು ಅದರ ದೊಡ್ಡ ರೂಪಕ್ಕೆ 'ಬೂಮ್ ಬಾಕ್ಸ್' ಎನ್ನುತ್ತಾರೆ. ಮದುವೆಯಲ್ಲಿ ಬಳುವಳಿಯಾಗಿ ಬಂದರೆ ಬೀದಿಯವರೆಲ್ಲ ನೋಡಲು ಬರುತ್ತಿದ್ದರು. ಕೊಳ್ಳಲು ಆಗದವರು ಸುಮ್ಮನೆ ಕೂರಲಿಲ್ಲ. ಕೆಟ್ಟ ಸೆಟ್ಟಿನ ಸ್ಪೀಕರನ್ನು ಬಿಚ್ಚಿ ನೀರಿನ ಮಡಕೆಯ ಬಾಯಿಗೆ ಕೂರಿಸಿದರು. ಈ ಮಡಕೆ ಸ್ಪೀಕರ್ ನಮ್ಮೂರಿನದಷ್ಟೇ ಅಲ್ಲ, ದೇಶದ ಎಷ್ಟೋ ಹಳ್ಳಿಗಳಲ್ಲಿ ಇತ್ತು. ಹೋಟೆಲಿನ ಮೂಲೆಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಬಾಯಿ ಮೇಲೆ ಮಾಡಿದ ಮಡಕೆಯಿಂದ ಹಾಡು ಬರುತ್ತಿತ್ತು. ಬರೀ ಸ್ಪೀಕರ್ ಕೈಯಲ್ಲಿ ಹಿಡಿದರೆ ಕೀರಲು ದನಿ. ಮಡಕೆಗೆ ಇಟ್ಟ ಕೂಡಲೇ ಗುಂಯ್ ಎನ್ನುವ ತುಂಬು ದನಿ.

ಇದರ ಕಾರಣ ನಮಗೆ ತಿಳಿದದ್ದು ಒಂಬತ್ತನೇ ತರಗತಿಯ ಶಬ್ದದ ಪಾಠದಲ್ಲಿ. ಸ್ಪೀಕರಿನ ಕಾಗದದ ಕೋನ್ ಮುಂದಕ್ಕೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಹೊತ್ತಿಗೆ ಹಿಂದಿನ ಗಾಳಿಯನ್ನು ಸಡಿಲಿಸುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 100 ಹರ್ಟ್ಸ್‌ನ ದಪ್ಪ ದನಿಯ ಒಂದು ಅಲೆ 3.4 ಮೀಟರ್ ಉದ್ದ. ಅಷ್ಟು ದೊಡ್ಡ ಅಲೆಗೆ ಆರು ಇಂಚಿನ ಸ್ಪೀಕರ್ ಒಂದು ಅಡ್ಡಿಯೇ ಅಲ್ಲ. ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನು ಅಳಿಸಿಬಿಡುತ್ತದೆ. ತೆಳು ದನಿ ಉಳಿಯುತ್ತದೆ, ದಪ್ಪ ದನಿ ಸಾಯುತ್ತದೆ. ನಡುವೆ ಒಂದು ಗೋಡೆ ಬೇಕು. ಮಡಕೆ ಆ ಗೋಡೆ. ಜೊತೆಗೆ ಒಳಗಿನ ಗಾಳಿಯೂ ತನ್ನದೇ ಒಂದು ಸ್ವರದಲ್ಲಿ ಕಂಪಿಸುತ್ತದೆ. ಕೊಡ ತುಂಬುವಾಗ ದನಿ ಬದಲಾಗುವುದನ್ನು ಕೇಳಿಯೇ ನಮ್ಮ ಅವ್ವಂದಿರು ನಲ್ಲಿ ನಿಲ್ಲಿಸುತ್ತಿದ್ದರಲ್ಲ, ಅದೇ ತತ್ವ. ಗುರುಗಳು ಇದನ್ನು ತರಗತಿಗೆ ಒಂದು ಖಾಲಿ ತತ್ರಾಣಿ ತಂದು, ಬಾಯಿಗೆ ಊದಿ ತೋರಿಸಿದರು.

ಆ ದಿನ ಶಾಲೆ ಬಿಟ್ಟ ಮೇಲೆ ನನ್ನ ಗೆಳೆಯ ಹೇಳಿದ: "ಲೇ, ಮಡಿಕಿ ಗುಂಡಗೈತಿ, ಎರಡು ಸ್ಪೀಕರ್ ಕೂಡಂಗಿಲ್ಲ. ಹಲಗಿದು ಮಾಡಿದ್ರ ಹೆಂಗ?" ಅವನು ಬಡಿಗೇರ ಮನೆಯವನು. ಅವನಿಗೆ ಅದು ಪ್ರಶ್ನೆಯೇ ಅಲ್ಲ, ಆಗಲೇ ಮನಸ್ಸಿನಲ್ಲಿ ಅಳತೆ ಹಾಕಿಕೊಂಡಿದ್ದ.

ಸಾಮಾನು ಕೂಡಿಸಲು ಎರಡು ತಿಂಗಳು ಹಿಡಿಯಿತು. ಇದು 2002ರ ಮಾತು. ಸ್ಪೀಕರುಗಳು ಸಿರುಗುಪ್ಪದ ಗುಜರಿ ಅಂಗಡಿಯಲ್ಲಿ ಸಿಕ್ಕವು. ಎರಡೂ ಆರು ಇಂಚಿನವು, ಒಂದರ ಕೋನ್ ಹರಿದಿತ್ತು. ಹರಿದಲ್ಲಿ ತೆಳು ಕಾಗದಕ್ಕೆ ಫೆವಿಕಾಲ್ ಹಚ್ಚಿ ಅಂಟಿಸಿದೆವು. ಟೇಪ್ ಡೆಕ್ಕು ನಮ್ಮ ಮಾವನ ಮನೆಯ ಕೆಟ್ಟ ಟೂ-ಇನ್-ಒನ್‌ನದು. ಪ್ಲೈವುಡ್ ಹೊಸ ಮನೆಯೊಂದರ ಆರ್‌ಸಿಸಿ ಹಾಕಿ ಬಿಚ್ಚಿದ ಸೆಂಟ್ರಿಂಗ್ ಹಲಗೆ. ಅದಕ್ಕೆ ಮೆತ್ತಿದ್ದ ಸಿಮೆಂಟು ಕೆರೆಯುವುದಕ್ಕೇ ಎರಡು ಭಾನುವಾರ ಹೋದವು. ಹಿಡಿಕೆ ಹಳೆ ಟ್ರಂಕಿನದು.

ಆಂಪ್ಲಿಫೈಯರಿಗೆ ಸಿರುಗುಪ್ಪದ ರಿಪೇರಿ ಅಂಗಡಿಯ ಅಣ್ಣನೇ ಗತಿ. "12 ವೋಲ್ಟಿಗೆ ನಡಿಯಂಥದ್ದು ಬೇಕಂದ್ರ 4440 ಹಾಕ್ರಿ ತಮ್ಮಾ" ಎಂದರು. ಎಲ್‌ಎ 4440 ಎಂಬುದು ಜಪಾನಿನ ಸಾನ್ಯೋ ಕಂಪನಿಯ, ಹದಿನಾಲ್ಕು ಕಾಲಿನ ಒಂದು ಐಸಿ. ಎರಡು ಸ್ಪೀಕರಿಗೆ ತಲಾ 6 ವಾಟ್ ಕೊಡುತ್ತದೆ. ಮೂಲತಃ ಕಾರಿನ ಸ್ಟೀರಿಯೋಗೆ ಹೊಂದುವಂಥದ್ದು, ಅಂದರೆ 12 ವೋಲ್ಟ್ ಬ್ಯಾಟರಿಗೆ. ನಮ್ಮ ಸೀಮೆಗೆ ಅದು ಏಕೆ ಒಗ್ಗಿತು ಎಂಬುದಕ್ಕೂ ಒಂದು ಚರಿತ್ರೆ ಇದೆ. ತುಂಗಭದ್ರಾ ಕಾಲುವೆಯ ನೀರು ಸಿರುಗುಪ್ಪ ತಾಲ್ಲೂಕಿಗೆ ಭತ್ತ ತಂದಿತು, ಭತ್ತ ಟ್ರ್ಯಾಕ್ಟರ್ ತಂದಿತು, ಟ್ರ್ಯಾಕ್ಟರಿನ ಜೊತೆ 12 ವೋಲ್ಟಿನ ಬ್ಯಾಟರಿ ಬಂತು. ಡ್ರೈವರುಗಳು ಸೀಟಿನ ಹಿಂದೆ ಡೆಕ್ಕು, ಮಡ್‌ಗಾರ್ಡ್ ಮೇಲೆ ಸ್ಪೀಕರ್ ಹಾಕಿಸಿಕೊಂಡರು. ಹಾಗಾಗಿ ಈ ಐಸಿಯ ಗುಣ ಅವಗುಣವೆಲ್ಲ ನಮ್ಮ ರಿಪೇರಿಯವರಿಗೆ ಬಾಯಿಪಾಠ.

ಮೊದಲ ಐಸಿಯನ್ನು ಸುಟ್ಟದ್ದು ನಾನು. ಬ್ಯಾಟರಿಯ ಪ್ಲಸ್, ಮೈನಸ್ ಅದಲುಬದಲು ಮಾಡಿ ಕೊಟ್ಟಿದ್ದೆ, ಫ್ಯೂಸೂ ಹಾಕಿರಲಿಲ್ಲ. ಒಂದು ಎಳೆ ಹೊಗೆ ಎದ್ದಿತು, ಅಷ್ಟೆ. ಅಂಗಡಿಯ ಅಣ್ಣ ಬೈಯಲಿಲ್ಲ. ಎರಡನೆಯ ಐಸಿಯನ್ನು ಹಾಕಿ, ತಂತಿಯಲ್ಲಿ ಒಂದು ಡಯೋಡನ್ನೂ ಕೂರಿಸಿ, "ಇನ್ನು ಉಲ್ಟಾ ಕೊಟ್ರ ಕರೆಂಟು ಒಳಗ ಹೋಗಂಗಿಲ್ಲ" ಎಂದರು. ತಪ್ಪು ಆಗಿಯೇ ಆಗುತ್ತದೆ, ಆದಾಗ ನಷ್ಟ ಆಗದಂತೆ ಕಟ್ಟಬೇಕು ಎಂಬ ಪಾಠವನ್ನು ಮುಂದೆ ಇಂಜಿನಿಯರಿಂಗಿನಲ್ಲಿ ದೊಡ್ಡ ಹೆಸರಿಟ್ಟು ಹೇಳಿಕೊಟ್ಟರು. ನಾನು ಅದನ್ನು ಕಲಿತದ್ದು ಆ ಅಂಗಡಿಯ ಸ್ಟೂಲಿನ ಮೇಲೆ.

ಪೆಟ್ಟಿಗೆ ಪೂರ್ತಿ ಗೆಳೆಯನದೇ ಕೆಲಸ. ಒಳ ಅಳತೆ 45 ಸೆಂಟಿಮೀಟರ್ ಅಗಲ, 22 ಎತ್ತರ, 20 ಆಳ. ಮೂಲೆಗಳಿಗೆ ಒಳಗಿನಿಂದ ರೀಪು ಕೊಟ್ಟು, ಸಂದುಗಳಿಗೆ ಮರದ ಹೊಟ್ಟು ಮತ್ತು ಫೆವಿಕಾಲ್ ಕಲಸಿ ತುಂಬಿದ. ಸಂದಿನ ಹತ್ತಿರ ಊದುಬತ್ತಿ ಹಿಡಿದು, ಹಾಡು ಹಾಕಿದಾಗ ಹೊಗೆ ಅಲುಗಿದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದು ಗುರುತು ಮಾಡಿದ. ಒಳಗಿನ ಗೋಡೆಗೆ ಹೊಲದಿಂದ ತಂದ ಹತ್ತಿ ಅಂಟಿಸಿದ. ದನಿ ಒಳಗೇ ಪ್ರತಿಧ್ವನಿಸದಂತೆ. ಡೆಕ್ಕು ಮತ್ತು ಆಂಪ್ಲಿಫೈಯರನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಪೆಟ್ಟಿಗೆಯ ಮೇಲೆ ಸ್ಕ್ರೂ ಹಾಕಿದೆವು. ಬ್ಯಾಟರಿಯ ಬದಲು ಕರೆಂಟಿಗೆ ಹಾಕಿದಾಗ ಗುಂಯ್ ಎಂಬ ಸದ್ದು ಬರುತ್ತಿತ್ತು. ಟ್ರಾನ್ಸ್‌ಫಾರ್ಮರನ್ನು ಡೆಕ್ಕಿನಿಂದ ದೂರ, ಹೊರಗಡೆ ಇಟ್ಟ ಮೇಲೆ ನಿಂತಿತು. ಅದರ ಕಾಂತಕ್ಷೇತ್ರವನ್ನು ಟೇಪಿನ ಹೆಡ್ಡು ಹಿಡಿಯುತ್ತಿತ್ತು.

ಎರಡು ಸ್ಪೀಕರೂ ಹಾಡಿದವು, ಆದರೆ ದಪ್ಪ ದನಿ ಬರಲಿಲ್ಲ. ಒಂದನ್ನು ಬಿಚ್ಚಿದರೆ ದನಿ ಹೆಚ್ಚುತ್ತಿತ್ತು! ನಾನು ಮೂರು ದಿನ ಸರ್ಕೀಟನ್ನು ನೋಡುತ್ತಾ ಕೂತೆ. ಗೆಳೆಯ ಎರಡೂ ಕೋನ್‌ಗಳ ಮೇಲೆ ಒಂದೊಂದು ಬೆರಳಿಟ್ಟು ಕಣ್ಣು ಮುಚ್ಚಿದ. "ಒಂದು ಮುಂದ ತಳ್ಳತೈತಿ, ಇನ್ನೊಂದು ಹಿಂದ ಎಳಿತೈತಿ. ಎರಡೂ ಜಗಳಾಡಾಕ ಹತ್ಯಾವ" ಎಂದ. ಪೆನ್ಸಿಲ್ ಸೆಲ್ ಒಂದನ್ನು ತಂತಿಗೆ ಮುಟ್ಟಿಸಿ ನೋಡಿದೆವು. ಟಕ್ ಎಂದು ಒಂದು ಕೋನ್ ಮುಂದೆ ಬಂತು, ಇನ್ನೊಂದು ಹಿಂದೆ ಹೋಯಿತು. ಒಂದರ ತಂತಿ ತಿರುವಿ ಬೆಸುಗೆ ಹಾಕಿದ್ದೇ ತಡ, ತಮಟೆ ಬಡಿದಂತೆ ದನಿ ಬಂತು.

ಕೊನೆಯದು ಮುಂದಿನ ತೂತು. ಎರಡು ಸ್ಪೀಕರಿನ ನಡುವೆ ಉಳಿದ ಜಾಗದಲ್ಲಿ ಬೋರ್‌ವೆಲ್ಲಿನ ಎರಡು ಇಂಚಿನ ಪಿವಿಸಿ ಪೈಪಿನ ತುಂಡನ್ನು ಕೂರಿಸೋಣ ಎಂದವನೂ ಅವನೇ. ಮಡಕೆಗೆ ಕಂಠ ಇರುತ್ತದೆ, ಇದಕ್ಕೂ ಇರಲಿ ಎಂಬುದು ಅವನ ವಾದ. ಉದ್ದದ ತುಂಡಿನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಕೊಯ್ಯುತ್ತಾ, ಪ್ರತಿ ಸಲ ಅದೇ ಹಾಡು ಹಾಕಿ ಕೇಳುತ್ತಾ ಬಂದು, ಆರು ಸೆಂಟಿಮೀಟರಿಗೆ ನಿಲ್ಲಿಸಿದ. ಮುಂದೆ ಬಿ.ಇ. ಓದುವಾಗ ನಾನು ಸೂತ್ರ ಹಾಕಿ ನೋಡಿದೆ. 20 ಲೀಟರ್ ಗಾಳಿ, 5 ಸೆಂಟಿಮೀಟರ್ ವ್ಯಾಸದ ಆ ತುಂಡು ಪೈಪು. ಲೆಕ್ಕಕ್ಕೆ ಬಂದದ್ದು ಸುಮಾರು 54 ಹರ್ಟ್ಸ್. ಅಂಥ ಸ್ಪೀಕರಿಗೆ ಅದು ಒಪ್ಪುವ ಸಂಖ್ಯೆ. ಅವನು ಕಿವಿಯಿಂದ ಅಲ್ಲಿಗೆ ಹೋಗಿ ಮುಟ್ಟಿದ್ದ.

ಈ ತೂತಿನ ಪೆಟ್ಟಿಗೆಯ ಚರಿತ್ರೆ ಪುಸ್ತಕಗಳಲ್ಲಿದೆ. ಇಂದು ನಾವು ಬಳಸುವ ಬಗೆಯ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲ್ಲಾಗ್ 1925ರಲ್ಲಿ ರೂಪಿಸಿದರು. ತೂತಿರುವ ಪೆಟ್ಟಿಗೆಗೆ ಬೆಲ್ ಪ್ರಯೋಗಾಲಯದ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದರು. ಪೆಟ್ಟಿಗೆ, ತೂತು, ಸ್ಪೀಕರ್ ಮೂರರ ಲೆಕ್ಕವನ್ನು ಸರಿಯಾಗಿ ಕೂಡಿಸಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಥೀಲೆ 1961ರಲ್ಲಿ, ಸ್ಮಾಲ್ 1970ರ ದಶಕದಲ್ಲಿ. ಅವರ ಹೆಸರುಗಳು ಉಳಿದಿವೆ, ಉಳಿಯಲೇಬೇಕು. ಸ್ಪೀಕರಿಗೆ ಮೊದಲು ಮಡಕೆ ಇಟ್ಟವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಬರೆದಿಡುವವರು ಹತ್ತಿರ ಇರಲಿಲ್ಲ, ಕಾರಣ ಅಷ್ಟೆ.

ಆ ವರ್ಷದ ಶಾಲಾ ವಾರ್ಷಿಕೋತ್ಸವದ ಸಂಜೆ ಕರೆಂಟು ಹೋಯಿತು. ಹುಡುಗಿಯರ ಕೋಲಾಟ ಅರ್ಧಕ್ಕೆ ನಿಂತಿತ್ತು. ಗುರುಗಳು ನಮ್ಮತ್ತ ನೋಡಿದರು. ಬಾಗಿಲಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಎಳೆದೆವು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಉಳಿದ ಕಾರ್ಯಕ್ರಮ ಪೂರ್ತಿ ಆ ಪೆಟ್ಟಿಗೆಯ ಮೇಲೆ ನಡೆಯಿತು. ಮರುದಿನ ಊರಲ್ಲಿ ಇಬ್ಬರೂ ತಲೆಯೆತ್ತಿ ಓಡಾಡಿದೆವು.

ಎಸ್‌ಎಸ್‌ಎಲ್‌ಸಿ ನಂತರ ನಾನು ಬಳ್ಳಾರಿಗೆ ಪಿಯುಸಿಗೆ ಹೋದೆ. ಅವನ ಅಪ್ಪನಿಗೆ ಕೈ ಆಡುತ್ತಿರಲಿಲ್ಲ. ಅವನು ಬಾಚಿ ಹಿಡಿದ. ಪೆಟ್ಟಿಗೆ ಅವನ ಮನೆಯಲ್ಲೇ ಉಳಿಯಿತು. ಬಿ.ಇ. ಕೊನೆಯ ವರ್ಷ ಕೆಲಸದ ಸಂದರ್ಶನದಲ್ಲಿ, ಸ್ವಂತವಾಗಿ ಏನಾದರೂ ಮಾಡಿದ್ದೀಯಾ ಎಂದು ಕೇಳಿದರು. ನಾನು ಈ ಪೆಟ್ಟಿಗೆಯ ಕಥೆ ಹೇಳಿದೆ. ಎರಡು ಸ್ಪೀಕರಿನ ಜಗಳ ಹೇಗೆ ಪತ್ತೆಯಾಯಿತು ಎಂದು ಹೇಳಿದೆ. "ನೀನೇ ಕಂಡುಹಿಡಿದೆಯಾ?" ಎಂದರು. ಹೌದು ಎಂದೆ. ಕೆಲಸ ಸಿಕ್ಕಿತು. ಆ ಮೇಲೆ ಗೆಳೆಯರ ನಡುವೆ, ಆಫೀಸಿನಲ್ಲಿ, ಎಷ್ಟೋ ಸಲ ಅದೇ ಕಥೆಯನ್ನು 'ನಾನು' ಎಂದೇ ಹೇಳಿದ್ದೇನೆ. ಹೇಳುತ್ತಾ ಹೇಳುತ್ತಾ ನನಗೂ ಅದು ಹಾಗೇ ನೆನಪಾಗತೊಡಗಿತ್ತು.

ಗುರುಗಳ ಫೋನ್ ಬಂದ ಮೇಲೆ ಊರಿಗೆ ಹೋಗಿದ್ದೆ. ಗೆಳೆಯ ಈಗ ಬಡಿಗ ಕೆಲಸದ ಜೊತೆ ಸೌಂಡ್ ಸರ್ವಿಸ್ ಇಟ್ಟಿದ್ದಾನೆ. ಮನೆ ಮುಂದೆ ಆಳೆತ್ತರದ ಬಾಕ್ಸುಗಳು, ಎಲ್ಲವೂ ಅವನೇ ಕೊಯ್ದು ಜೋಡಿಸಿದವು. ಗಣೇಶನ ಹಬ್ಬದಲ್ಲಿ ಹುಡುಗರು ಇನ್ನೂ ಜೋರು ಎನ್ನುತ್ತಾರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ ಹತ್ತಕ್ಕೆ ಇವನು ಪ್ಲಗ್ ಕೀಳುತ್ತಾನೆ. "ಚಲೋ ಬಾಕ್ಸಿಗೆ ಜೋರು ಬೇಕಾಗಂಗಿಲ್ಲಲೇ" ಎಂಬುದು ಅವನ ಮಾತು. ನಮ್ಮ ಹಳೆಯ ಪೆಟ್ಟಿಗೆ ಅಟ್ಟದ ಮೇಲಿಂದ ಇಳಿಯಿತು. ಡೆಕ್ಕು ಹೋಗಿದೆ, ಅದರ ಜಾಗದಲ್ಲಿ 12 ವೋಲ್ಟಿನ ಬ್ಲೂಟೂತ್ ಬೋರ್ಡು ಇದೆ. ಕೋನ್ ಬದಲಾಗಿವೆ. ಹಲಗೆ, ಪೈಪು, ಆ ಡಯೋಡು ಹಾಗೇ ಇವೆ.

ಸಂದರ್ಶನದ ವಿಷಯ ಹೇಳಿದೆ. ಅವನು ನಕ್ಕ, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪೈಪಿನ ಬಾಯಿಯ ಧೂಳು ಒರೆಸುತ್ತಾ, "ಆವಾಗ ಹೇಳಬೇಕಿತ್ತು ನೋಡು. ಈಗೇನು ಬಿಡು" ಎಂದ. ಸಂಚಿಕೆಯಲ್ಲಿ ನಿನ್ನ ಹೆಸರು ಬರೆಯುತ್ತೇನೆ ಎಂದರೆ ಬೇಡವೆಂದ. "ಬಡಿಗೇರ ಮನಿ ಹುಡುಗ ಅಂತ ಬರಿ ಸಾಕು, ಊರಿಗೆ ಗೊತ್ತಾಗತೈತಿ." ಅವನ ಮಾತಿನಂತೆ ಬರೆದಿದ್ದೇನೆ.

ಆದ್ದರಿಂದ ದಾಖಲೆಗಾಗಿ: ಪೆಟ್ಟಿಗೆಯ ಯೋಚನೆ, ಅಳತೆ, ಮರಗೆಲಸ, ಪೈಪು, ಸ್ಪೀಕರಿನ ದೋಷ ಪತ್ತೆ ಮಾಡಿದ್ದು ಬಡಿಗೇರ ಮನೆಯ ಹುಡುಗ. ಆಂಪ್ಲಿಫೈಯರ್ ಮತ್ತು ಡಯೋಡು ಸಿರುಗುಪ್ಪದ ರಿಪೇರಿ ಅಂಗಡಿಯ ಅಣ್ಣನದು. ತತ್ವ ತಿಳಿಸಿದವರು ನಮ್ಮ ಗುರುಗಳು. ಸಾಮಾನು ಕೂಡಿಸಿದ್ದು, ಬೆಸುಗೆ ಹಾಕಿದ್ದು, ಒಂದು ಐಸಿ ಸುಟ್ಟದ್ದು ನಾನು.

ಇಂದು ಕೈಗೆ ಸಿಗುವ ಸಣ್ಣ ಸ್ಪೀಕರುಗಳಲ್ಲಿ ಎಷ್ಟೋ ಅಂಟು ಹಾಕಿ ಮುಚ್ಚಿದವು, ಬಿಚ್ಚಿದರೆ ಒಡೆಯುತ್ತವೆ. ಮಕ್ಕಳಿಗೆ ಒಳಗೇನಿದೆ ಎಂದು ನೋಡುವ ದಾರಿಯೇ ಇಲ್ಲ. ಅದಕ್ಕೆ ನಾವಿಬ್ಬರೂ ಒಂದು ತೀರ್ಮಾನ ಮಾಡಿದ್ದೇವೆ. ಸುವರ್ಣ ಮಹೋತ್ಸವದ ದಿನ ಈ ಪೆಟ್ಟಿಗೆಯನ್ನು ಶಾಲೆಗೆ ಕೊಡುತ್ತೇವೆ. ಹಿಂದಿನ ಹಲಗೆಗೆ ಅವನು ಮೊಳೆ, ಅಂಟು ತೆಗೆದು ಆರು ಸ್ಕ್ರೂ ಹಾಕಿದ್ದಾನೆ, ಜೊತೆಗೆ ಒಂದು ಸ್ಕ್ರೂಡ್ರೈವರನ್ನೂ ಕಟ್ಟಿದ್ದಾನೆ. ಒಂಬತ್ತನೇ ತರಗತಿಯ ಮಕ್ಕಳು ಅದನ್ನು ಬಿಚ್ಚಿ ನೋಡಲಿ. ಕೆಟ್ಟರೆ ಬಡಿಗೇರ ಮನೆ ಶಾಲೆಗೆ ದೂರವೇನಿಲ್ಲ.